ಕೆಮಿಸ್ಟ್ರಿ ಓದಿದವರು ಎಲ್ಲಿಗೆ ಹೋದರು?

1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಹೊತ್ತಿಕೊಂಡ ಯುದ್ಧದ ಬಿಸಿ ಮೈಸೂರು ಸಂಸ್ಥಾನದ ಗಂಧದ ಕೋಠಿಗಳಿಗೂ ತಟ್ಟಿತು. ಕಾಡಿನಿಂದ ತಂದು, ಹೊರಗಿನ ಬಿಳಿ ಮರ ಕೆತ್ತಿ, ಚೇಗು ಮಾತ್ರ ಉಳಿಸಿ ಜೋಡಿಸಿಟ್ಟ ಶ್ರೀಗಂಧದ ಕೊರಡುಗಳು ಅಲ್ಲಿಯವರೆಗೆ ವರ್ಷಾ ವರ್ಷ ಹರಾಜಾಗಿ ಹಡಗು ಹತ್ತುತ್ತಿದ್ದವು. ಅದರ ದೊಡ್ಡ ಪಾಲು ಹೋಗುತ್ತಿದ್ದುದು ಜರ್ಮನಿಯ ಎಣ್ಣೆ ಭಟ್ಟಿಗಳಿಗೆ. ಈಗ ಜರ್ಮನಿ ಶತ್ರು ದೇಶ. ಹರಾಜು ಕೂಗುವವರಿದ್ದರು, ಕೊಳ್ಳುವವರಿರಲಿಲ್ಲ.

ಗಂಧದ ಮರ ಸಂಸ್ಥಾನಕ್ಕೆ ಬರೀ ಮರವಾಗಿರಲಿಲ್ಲ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ ಮೇಲೆ, ಯಾರ ಹಿತ್ತಲಲ್ಲಿ ಬೆಳೆದರೂ ಅದು ಸರ್ಕಾರದ ಸೊತ್ತು. ಬೊಕ್ಕಸಕ್ಕೆ ಅದರಿಂದ ಒಳ್ಳೆಯ ವರಮಾನ ಬರುತ್ತಿತ್ತು. ಹೊರದೇಶದವರಿಗೆ ಬೇಕಾಗಿದ್ದುದು ಮರವಲ್ಲ, ಮರದೊಳಗಿನ ಎಣ್ಣೆ. ಅತ್ತರಿಗಷ್ಟೇ ಅಲ್ಲ, ಔಷಧಿಗೂ. ಸಲ್ಫಾ ಮಾತ್ರೆಗಳು ಬರುವ ಮುಂಚೆ ಗೊನೋರಿಯಾಕ್ಕೆ ವೈದ್ಯರು ಕೊಡುತ್ತಿದ್ದ ಮದ್ದುಗಳಲ್ಲಿ ಗಂಧದೆಣ್ಣೆಯೂ ಒಂದು. ಪೂಜೆಗೆ ತೇಯುವ ಗಂಧದ ಈ ಇನ್ನೊಂದು ಉಪಯೋಗವನ್ನು ನಮ್ಮ ಗಂಧದ ನಾಡಿನ ಬಣ್ಣನೆಗಳು ಅಷ್ಟಾಗಿ ಹೇಳುವುದಿಲ್ಲ.

ಮರ ನಮ್ಮದು, ಎಣ್ಣೆ ತೆಗೆಯುವವರು ಅವರು. ಹಾಗಾದರೆ ನಾವೇ ಯಾಕೆ ತೆಗೆಯಬಾರದು? ದಿವಾನ ಎಂ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಈ ಪ್ರಶ್ನೆ ಏಳದೆ ಇರಲು ಸಾಧ್ಯವಿರಲಿಲ್ಲ. ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾಗಿದ್ದವನು ಆಲ್ಫ್ರೆಡ್ ಚಾಟರ್ಟನ್. ಮದರಾಸಿನಲ್ಲಿದ್ದಾಗ ಅಲ್ಯೂಮಿನಿಯಂ ಪಾತ್ರೆ ಮಾಡಿಸಿ, ಕ್ರೋಮ್ ಬಳಸಿ ಚರ್ಮ ಹದ ಮಾಡುವುದನ್ನು ಬಳಕೆಗೆ ತಂದು ಹೆಸರು ಮಾಡಿದ್ದವನು. ಪ್ರಶ್ನೆ ಆತನ ಮೇಜಿನಿಂದ ಬೆಂಗಳೂರಿನ ಹೊರವಲಯದ ಒಂದು ಹೊಸ ಸಂಸ್ಥೆಗೆ ಹೋಯಿತು. ಅಲ್ಲಿ ಕೆಮಿಸ್ಟ್ರಿ ಪಾಠ ಶುರುವಾಗಿ ಆಗಿನ್ನೂ ಮೂರು ವರ್ಷ.

ಕರ್ನಾಟಕದಲ್ಲಿ ರಸಾಯನವಿಜ್ಞಾನದ ಓದಿಗೂ ಅದನ್ನು ಓದಿದವರ ಅನ್ನಕ್ಕೂ ನಂಟು ಬಿದ್ದದ್ದು ಈ ಗಂಧದೆಣ್ಣೆಯ ಪ್ರಸಂಗದಲ್ಲಿ ಎನ್ನಬಹುದು.

ಅದಕ್ಕೂ ಮುಂಚೆ ಓದು ಇರಲಿಲ್ಲವೆಂದಲ್ಲ. 1858ರಲ್ಲಿ ಬೆಂಗಳೂರು ಹೈಸ್ಕೂಲ್ ಆಗಿ ಶುರುವಾಗಿ 1875ರಲ್ಲಿ ಹೆಸರು ಬದಲಿಸಿಕೊಂಡ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ಹುಡುಗರನ್ನು ತಯಾರು ಮಾಡುತ್ತಿತ್ತು. ಆ ಕಾಲಕ್ಕೆ ವಿಜ್ಞಾನ ಓದಿದವರೂ ಹೆಸರಿನ ಮುಂದೆ ಹಾಕಿಕೊಳ್ಳುತ್ತಿದ್ದುದು ಬಿ.ಎ. ಎಂದೇ. ಓದು ಮುಗಿಸಿದವನ ಮುಂದಿದ್ದುದು ವಕೀಲಿಕೆ, ಮೇಷ್ಟರ ಕೆಲಸ, ಅಮಲ್ದಾರಿ, ಇಲ್ಲವೇ ಹುಜೂರು ಕಚೇರಿಯ ಗುಮಾಸ್ತಗಿರಿ. ಮದರಾಸಿನಲ್ಲಿ ಭೌತವಿಜ್ಞಾನದಲ್ಲಿ ಬಿ.ಎ., ಎಂ.ಎ. ಎರಡನ್ನೂ ಮೊದಲ ದರ್ಜೆಯಲ್ಲಿ ಮುಗಿಸಿದ ಸಿ.ವಿ. ರಾಮನ್ 1907ರಲ್ಲಿ ಸೇರಿಕೊಂಡದ್ದು ಕಲ್ಕತ್ತೆಯ ಹಣಕಾಸು ಇಲಾಖೆಯನ್ನು. ವಿಜ್ಞಾನವನ್ನು ಬುದ್ಧಿ ಹರಿತವಾಗಲೆಂದು ಓದುತ್ತಿದ್ದರು. ಸಂಬಳ ಬರುತ್ತಿದ್ದುದು ಬೇರೆ ಕಡೆಯಿಂದ.

ಜೆಮ್‌ಶೆಡ್‌ಜಿ ಟಾಟಾ ಕಟ್ಟಬೇಕೆಂದುಕೊಂಡ ಸಂಸ್ಥೆ ಇದಕ್ಕಿಂತ ಬೇರೆ ಬಗೆಯದು. ಅದು ಎಲ್ಲಿರಬೇಕೆಂದು ಹೇಳಲು 1900ರಲ್ಲಿ ಲಂಡನ್ನಿನಿಂದ ಬಂದವನು ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ. ದೇಶ ಸುತ್ತಿ ನೋಡಿ ಬೆಂಗಳೂರು ಸರಿಯಾದ ಜಾಗವೆಂದ. ಮೈಸೂರು ದೊರೆಗಳು 371 ಎಕರೆ ಜಮೀನು ಕೊಟ್ಟರು. ಕಟ್ಟಡಕ್ಕೆ 5 ಲಕ್ಷ ರೂಪಾಯಿ, ವರ್ಷಕ್ಕೆ 50 ಸಾವಿರ ಬೇರೆ. ಮೊದಲ ನಿರ್ದೇಶಕನಾಗಿ ಬಂದ ಮಾರಿಸ್ ಟ್ರಾವರ್ಸ್ ರಾಮ್ಸೆಯ ಜೊತೆಗಾರ. ಇಬ್ಬರೂ ಸೇರಿ 1898ರ ಒಂದೇ ವರ್ಷದಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಎಂಬ ಮೂರು ಅನಿಲಗಳನ್ನು ಗಾಳಿಯಿಂದ ಬೇರ್ಪಡಿಸಿದ್ದರು.

ಹೀಗೆ ಜಾಗ ಆರಿಸಿದವನೂ ಕೆಮಿಸ್ಟ್, ಕಟ್ಟಲು ಬಂದವನೂ ಕೆಮಿಸ್ಟ್. 1911ರ ಜುಲೈನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಬಾಗಿಲು ತೆರೆದಾಗ ಅಲ್ಲಿದ್ದುದು ಎರಡೇ ವಿಭಾಗ: ಒಂದು ಜನರಲ್ ಮತ್ತು ಅಪ್ಲೈಡ್ ಕೆಮಿಸ್ಟ್ರಿ, ಇನ್ನೊಂದು ವಿದ್ಯುತ್ ತಂತ್ರಶಾಸ್ತ್ರ. ಸ್ವಲ್ಪ ದಿನಕ್ಕೆ ಆರ್ಗ್ಯಾನಿಕ್ ಕೆಮಿಸ್ಟ್ರಿಯೂ ಸೇರಿ, ಕೆಮಿಸ್ಟ್ರಿಯ ತಕ್ಕಡಿಯೇ ತಗ್ಗಿತು. ಊರಿನವರು ಇದನ್ನು ಕರೆದದ್ದು ಟಾಟಾ ಇನ್‌ಸ್ಟಿಟ್ಯೂಟ್ ಎಂದು. ಮಲ್ಲೇಶ್ವರದ ಹಳಬರ ಬಾಯಲ್ಲಿ ಈಗಲೂ ಅದೇ ಹೆಸರು. ಬಹಳ ಕಾಲ ಈ ಸಂಸ್ಥೆ ಪದವಿ ಕೊಡುತ್ತಿರಲಿಲ್ಲ. ಬೇರೆ ಕಡೆ ಪದವಿ ಮುಗಿಸಿ ಬಂದವನು ಇಲ್ಲಿ ಸಂಶೋಧನೆ ಮಾಡಿದರೆ ಸಿಗುತ್ತಿದ್ದುದು 'ಅಸೋಸಿಯೇಟ್' ಎಂಬ ಬಿರುದು. ಪದವಿ ಕೊಡುವ ಅಧಿಕಾರ ಬಂದದ್ದು 1958ರಲ್ಲಿ.

ಗಂಧದ ಕೊರಡು ಇಂಥ ಜಾಗಕ್ಕೆ ಬಂದಿಳಿಯಿತು. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಪ್ರೊಫೆಸರ್ ಜೆ.ಜೆ. ಸಡ್‌ಬರೊ ಮತ್ತು ಎಚ್.ಇ. ವಾಟ್ಸನ್ ಎಣ್ಣೆ ಇಳಿಸುವ ಪ್ರಯೋಗಕ್ಕೆ ನಿಂತರು. ಕೆಲಸ ಮೇಲ್ನೋಟಕ್ಕೆ ಸುಲಭ: ಚೇಗನ್ನೂ ಬೇರನ್ನೂ ಚಕ್ಕೆ ಮಾಡಿ, ಪುಡಿ ಮಾಡಿ, ಉಗಿ ಹಾಯಿಸಿ, ಮೇಲೆದ್ದ ಆವಿಯನ್ನು ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಕನೌಜಿನ ಅತ್ತರಿನವರು ತಲೆಮಾರುಗಳಿಂದ ತಾಮ್ರದ ಹಂಡೆಯಲ್ಲಿ ಇದನ್ನೇ ಮಾಡುತ್ತಿದ್ದರು. ಆದರೆ ಗಂಧದೆಣ್ಣೆ ಹಟಮಾರಿ. ಅದರ ಮುಖ್ಯ ಸತ್ವವಾದ ಸ್ಯಾಂಟಲಾಲ್ ಬೇಗನೆ ಆವಿಯಾಗುವ ಜಾತಿಯಲ್ಲ; ಭಟ್ಟಿ ಗಂಟೆಗಟ್ಟಲೆ ಅಲ್ಲ, ದಿನಗಟ್ಟಲೆ ಉರಿಯಬೇಕು. ಅಷ್ಟು ಮಾಡಿದರೂ ನೂರು ಕೆ.ಜಿ. ಒಳ್ಳೆಯ ಚೇಗಿಗೆ ಸಿಗುವುದು ಐದಾರು ಕೆ.ಜಿ. ಎಣ್ಣೆ. ಉಗಿಯ ಒತ್ತಡ ಎಷ್ಟಿರಬೇಕು, ಪುಡಿ ಎಷ್ಟು ನುಣುಪಾಗಿರಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಊಹೆಯಿಂದ ನಡೆಸಿದರೆ ಸರ್ಕಾರದ ಮರ ಹೊಗೆಯಾಗುತ್ತದೆ. ಲಂಡನ್ನಿನ ವ್ಯಾಪಾರಿ ಸೀಸೆ ತೆಗೆದು ಮೂಸಿ ನೋಡಿ ಸುಮ್ಮನಾಗುವವನೂ ಅಲ್ಲ, ಸ್ಯಾಂಟಲಾಲ್ ಇಷ್ಟು ಪ್ರತಿಶತ ಇದೆಯೇ ಎಂದು ಕೇಳುವವನು. ಪ್ರತಿ ಡಬ್ಬಿಗೂ ಒಬ್ಬ ಕೆಮಿಸ್ಟಿನ ಸಹಿ ಬೇಕಾಯಿತು.

1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಯುದ್ಧ ಮುಗಿಯುವಷ್ಟರಲ್ಲಿ ಮೈಸೂರು ಕೊರಡು ಮಾರುವ ಸಂಸ್ಥಾನವಾಗಿ ಉಳಿದಿರಲಿಲ್ಲ, ಎಣ್ಣೆ ಮಾರುವ ಸಂಸ್ಥಾನವಾಗಿತ್ತು.

ಎಣ್ಣೆಯಾದ ಮೇಲೆ ಸೋಪು. ಈ ಸೋಪಿಗೊಂದು ಕಥೆ ಅಂಟಿಕೊಂಡಿದೆ: ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಫ್ರಾನ್ಸಿನ ಅತಿಥಿಗಳು ಒಂದು ಪೆಟ್ಟಿಗೆ ಸೋಪು ಉಡುಗೊರೆ ಕೊಟ್ಟರಂತೆ. ನೋಡಿದರೆ ಅದು ಮೈಸೂರಿನದೇ ಗಂಧದೆಣ್ಣೆ ಹಾಕಿ ಮಾಡಿದ ಸೋಪು. ಕಾರ್ಖಾನೆಯವರು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ. ನಂಬುವವರು ನಂಬಲಿ. ಕಥೆಯಲ್ಲದ ಸಂಗತಿ ಇಷ್ಟು: ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ಸೋಪು ಮಾಡುವ ಪ್ರಯೋಗ ನಡೆಯಿತು. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ತರುಣ ಕೆಮಿಸ್ಟನ್ನು ವಿಶ್ವೇಶ್ವರಯ್ಯನವರು ಆರಿಸಿ, ಸೋಪಿನ ವಿದ್ಯೆ ಕಲಿತು ಬಾ ಎಂದು ಇಂಗ್ಲೆಂಡಿಗೆ ಕಳಿಸಿದರು. ಕಬ್ಬನ್ ಪಾರ್ಕಿನ ಹತ್ತಿರ ಸರ್ಕಾರಿ ಸೋಪು ಕಾರ್ಖಾನೆ ಶುರುವಾಯಿತು. ಆನೆಯ ತಲೆ, ಸಿಂಹದ ಮೈ ಇರುವ ಶರಭ ಅದರ ಲಾಂಛನವಾಯಿತು. ಮಿಕ್ಕವರ ಸೋಪು ಇಟ್ಟಿಗೆಯಂತೆ ಚೌಕವಾಗಿದ್ದಾಗ ಮೈಸೂರು ಸ್ಯಾಂಡಲ್ ಅಂಡಾಕಾರದಲ್ಲಿ, ಒಡವೆ ಡಬ್ಬಿಯಂಥ ಪೆಟ್ಟಿಗೆಯಲ್ಲಿ ಬಂತು. ಶಾಸ್ತ್ರಿಗಳು 'ಸೋಪು ಶಾಸ್ತ್ರಿ' ಆದರು.

ವೈದಿಕ ಮನೆತನದ ಹೆಸರಿನ ಹಿಂದೆ ಸೋಪು ಸೇರಿಕೊಂಡದ್ದರಲ್ಲಿ ಸಣ್ಣದೊಂದು ಸಾಮಾಜಿಕ ಚರಿತ್ರೆಯೇ ಇದೆ. ಕೊಬ್ಬು, ಕಾಸ್ಟಿಕ್ ಸೋಡಾ, ಕುದಿಯುವ ಕಡಾಯಿಗಳ ನಡುವೆ ನಿಲ್ಲುವುದು ಓದಿದವನ ಕೆಲಸವೆಂದು ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ. 'ಕೆಮಿಸ್ಟ್' ಎಂಬ ಹುದ್ದೆಗೆ ಮರ್ಯಾದೆ ಬಂದದ್ದು ಹೀಗೆ, ಸಂಸ್ಥಾನವೇ ಸಂಬಳ ಕೊಟ್ಟು ಕೂರಿಸಿದ ಮೇಲೆ.

ಅದೇ 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಕಲೆಗಳಿಗೆ ಮೈಸೂರಿನ ಮಹಾರಾಜಾ ಕಾಲೇಜು, ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಂದು ಹಂಚಿಕೆಯಾಯಿತು. ಹೀಗಾಗಿ ಹಳೇ ಮೈಸೂರಿನ ಯಾವ ಮೂಲೆಯ ಹುಡುಗನಾದರೂ ಕೆಮಿಸ್ಟ್ರಿ ಓದಬೇಕೆಂದರೆ ಬೆಂಗಳೂರಿಗೆ ಬಂದು, ವಾರಾನ್ನವೋ ಹಾಸ್ಟೆಲೋ ಹುಡುಕಿಕೊಂಡು, ಸೆಂಟ್ರಲ್ ಕಾಲೇಜಿನ ಲ್ಯಾಬಿನಲ್ಲಿ ನಿಲ್ಲಬೇಕಾಯಿತು.

ಆ ಲ್ಯಾಬನ್ನು ಮೂಗಿನಿಂದಲೇ ಗುರುತು ಹಿಡಿಯಬಹುದಿತ್ತು. ಕಿಪ್ಪನ ಉಪಕರಣದಿಂದ ಹೊರಟ ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆ ಓಣಿ ದಾಟಿ ಕಾಂಪೌಂಡಿನವರೆಗೆ ಬರುತ್ತಿತ್ತು. ಸಾಲ್ಟ್ ಅನಾಲಿಸಿಸ್ ಎಂದರೆ ಕೊಟ್ಟ ಪುಡಿಯೊಳಗೆ ಯಾವ ಲೋಹ, ಯಾವ ಆಮ್ಲದ ಅಂಶ ಎಂದು ಹುಡುಕುವ ಪತ್ತೇದಾರಿಕೆ: ಜ್ವಾಲೆಗೆ ಹಿಡಿದರೆ ಇಟ್ಟಿಗೆ ಕೆಂಪು ಬಂತೋ ಸೇಬಿನ ಹಸಿರು ಬಂತೋ, ಪ್ರನಾಳದಲ್ಲಿ ಕಂದು ಉಂಗುರ ಕಟ್ಟಿತೋ ಇಲ್ಲವೋ. ಪರೀಕ್ಷೆಯ ದಿನ ಅಟೆಂಡರ್ ಕಡೆಯಿಂದ ಸುಳಿವು ಸಿಗಬಹುದೇ ಎಂದು ಆಸೆಗಣ್ಣಿನಿಂದ ನೋಡದವರು ಕಡಿಮೆ. ಪಿಪೆಟ್ಟಿನಲ್ಲಿ ಬಾಯಿಂದ ಎಳೆಯುವಾಗ ಕ್ಷಾರದ ರುಚಿ ನೋಡದವರೂ ಕಡಿಮೆ. ಬ್ಯುರೆಟ್ಟಿನ ಕೊನೆಯ ಹನಿಯನ್ನು ಅರ್ಧಕ್ಕೆ ತಡೆಯುವ ಕೈಹದ ಇಲ್ಲಿ ಬಂದರೆ ಜನ್ಮಪೂರ್ತಿ ಹೋಗುವುದಿಲ್ಲ. ಕಾರ್ಖಾನೆಗೆ ಬೇಕಾಗಿದ್ದುದು ಸಿದ್ಧಾಂತಕ್ಕಿಂತ ಮೊದಲು ಈ ಕೈಹದ.

ಸಿದ್ಧಾಂತವೇನೂ ಹಿಂದೆ ಬಿದ್ದಿರಲಿಲ್ಲ. ಎಫ್.ಎಲ್. ಅಷರ್ ಎಂಬ ಇಂಗ್ಲಿಷ್ ಪ್ರೊಫೆಸರನಿಂದ ಬಿ. ಸಂಜೀವರಾಯರವರೆಗೆ ಅಲ್ಲಿನ ಅಧ್ಯಾಪಕರು ಪಾಠದ ಜೊತೆ ಸಂಶೋಧನೆಯನ್ನೂ ಮಾಡಿದವರು. ಅದೇ ವಿಭಾಗದ ಕೆ. ಸುಬ್ಬರಾವ್ ಸಿಲಿಕಾ ಜೆಲ್‌ನಂಥ ಸೂಕ್ಷ್ಮರಂಧ್ರದ ವಸ್ತುಗಳು ನೀರಾವಿಯನ್ನು ಹೀರುವಾಗ ಒಂದು ದಾರಿ, ಬಿಡುವಾಗ ಇನ್ನೊಂದು ದಾರಿ ಹಿಡಿಯುವುದೇಕೆ ಎಂದು ಬಿಡದೆ ಬೆನ್ನು ಹತ್ತಿದರು. 1941ರಲ್ಲಿ ಅಮೆರಿಕದ 'ಜರ್ನಲ್ ಆಫ್ ಫಿಸಿಕಲ್ ಕೆಮಿಸ್ಟ್ರಿ'ಯಲ್ಲಿ ಅವರ ಲೇಖನಗಳು ಸರಣಿಯಾಗಿ ಅಚ್ಚಾದವು. ಕೆಳಗೆ ವಿಳಾಸ: ಸೆಂಟ್ರಲ್ ಕಾಲೇಜು, ಬೆಂಗಳೂರು. ಹೊಸ ಔಷಧಿ, ಎಲೆಕ್ಟ್ರಾನಿಕ್ ಸಾಮಾನು ಕೊಂಡಾಗ ಡಬ್ಬಿಯೊಳಗೆ ಸಿಗುವ 'ತಿನ್ನಬೇಡಿ' ಎಂಬ ಪುಟ್ಟ ಪೊಟ್ಟಣದಲ್ಲಿರುವುದು ಇದೇ ಸಿಲಿಕಾ ಜೆಲ್.

ಓದು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅದು ಸಾಲದೆಂದು ಕೆಲವರಿಗೆ ಬೇಗನೆ ಅನ್ನಿಸಿತು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಸೇರಿ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಎರಡು ವರ್ಷ ನಡೆಯಿತು. ಗಂಧದೆಣ್ಣೆ, ಸೋಪು, ವಿಶ್ವವಿದ್ಯಾಲಯ, ಕನ್ನಡದಲ್ಲಿ ವಿಜ್ಞಾನ, ಇವೆಲ್ಲ ಹೆಚ್ಚುಕಡಿಮೆ ಮೂರು ವರ್ಷದೊಳಗೆ ಆದವು. ಈ ಲೆಕ್ಕವನ್ನು ನೋಡಿದರೆ ಈಗಿನ ನಮ್ಮ ಸಮಿತಿಗಳ ವೇಗಕ್ಕೆ ನಾಚಿಕೆಯಾಗಬೇಕು.

ಕನ್ನಡದ ಪಾರಿಭಾಷಿಕ ಪದಗಳ ಕಥೆಯೂ ಸ್ವಾರಸ್ಯದ್ದೇ. 'ಆಮ್ಲಜನಕ' ಎಂದರೆ ಆಮ್ಲವನ್ನು ಹುಟ್ಟಿಸುವುದು. ಲವಾಸಿಯೆ 18ನೇ ಶತಮಾನದಲ್ಲಿ ಆಕ್ಸಿಜನ್ ಎಂದು ಹೆಸರಿಟ್ಟದ್ದೂ ಅದೇ ಅರ್ಥದಲ್ಲಿ, ಎಲ್ಲ ಆಮ್ಲಗಳಲ್ಲೂ ಅದಿರುತ್ತದೆ ಎಂಬ ನಂಬಿಕೆಯಿಂದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು ಹಂಫ್ರಿ ಡೇವಿ 1810ರಲ್ಲೇ ತೋರಿಸಿಕೊಟ್ಟ. ಆದರೂ ಹೆಸರು ಗಟ್ಟಿಯಾಗಿ ನಿಂತಿತು, ಫ್ರೆಂಚರ ತಪ್ಪು ಸಂಸ್ಕೃತದ ಉಡುಪು ತೊಟ್ಟು ನಮ್ಮ ಪಠ್ಯಪುಸ್ತಕಕ್ಕೂ ಬಂತು. ಕನ್ನಡ ಮಾಧ್ಯಮದ ಮಕ್ಕಳು ಮಾತ್ರ ಈ ತಪ್ಪನ್ನು ಪ್ರತಿದಿನ ಅರ್ಥಸಹಿತ ಉಚ್ಚರಿಸುತ್ತಾರೆ. ಮುಂದೆ ಮೈಸೂರಿನಲ್ಲಿ ರಸಾಯನವಿಜ್ಞಾನದ ಅಧ್ಯಾಪಕರಾಗಿದ್ದ ಜೆ.ಆರ್. ಲಕ್ಷ್ಮಣರಾವ್ 'ಪರಮಾಣು ಚರಿತ್ರೆ' ಬರೆದು, 'ಬಾಲ ವಿಜ್ಞಾನ' ಪತ್ರಿಕೆಗಾಗಿ ದುಡಿದು, ತರಗತಿಯ ಇಂಗ್ಲಿಷ್ ಕೆಮಿಸ್ಟ್ರಿಗೆ ಕನ್ನಡದ ಗದ್ಯವೊಂದನ್ನು ಕಟ್ಟಿದರು. ಕೆಮಿಸ್ಟ್ರಿ ಓದಿದವರು ಹೋದ ದಾರಿಗಳಲ್ಲಿ ಇದೂ ಒಂದು. ಸಂಬಳದ ಲೆಕ್ಕಕ್ಕೆ ಬಾರದ ದಾರಿ.

ಈ ದಾರಿಗಳೆಲ್ಲ ಗಂಡಸರಿಗೆ ಮಾತ್ರ ತೆರೆದಿದ್ದವು. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಅವರಿಗೆ ಆ ಜಾಗ ಹೊಸದಲ್ಲ: ತಂದೆ ನಾರಾಯಣರಾವ್, ತಂದೆಯ ಸೋದರ ಮಾಧವರಾವ್ ಇಬ್ಬರೂ ಅಲ್ಲೇ ಕೆಮಿಸ್ಟ್ರಿ ಓದಿದವರು. ಆಗ ನಿರ್ದೇಶಕರಾಗಿದ್ದವರು ರಾಮನ್. ಹೆಂಗಸೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ರೈಲು ಹತ್ತಿ ಬೆಂಗಳೂರಿಗೆ ಬಂದು, ಕಾರಣ ಬರೆದು ಕೊಡಿ ಎಂದು ಪಟ್ಟು ಹಿಡಿದು ಕೂತರು. ಗಾಂಧಿಯ ಕಾಲ, ಸತ್ಯಾಗ್ರಹದ ಪಾಠ ಎಲ್ಲರಿಗೂ ಬರುತ್ತಿತ್ತು. ಕೊನೆಗೆ ರಾಮನ್ ಷರತ್ತು ಹಾಕಿ ಒಪ್ಪಿದರು: ಒಂದು ವರ್ಷ ಪರೀಕ್ಷಾರ್ಥ, ಕೆಲಸ ತಮಗೆ ಹಿಡಿಸಬೇಕು, ಗಂಡು ವಿದ್ಯಾರ್ಥಿಗಳ ಗಮನ ಕೆಡಿಸಬಾರದು. ನೊಬೆಲ್ ಬಂದ ತಲೆಯೊಳಗೂ ಇಂಥ ಷರತ್ತು ಹುಟ್ಟುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ವರ್ಷ ಮುಗಿದ ಮೇಲೆ ರಾಮನ್ ಮನಸ್ಸು ಬದಲಿಸಿದರು ಎಂಬುದನ್ನೂ ಹೇಳಬೇಕು.

ಕಮಲಾ ಅವರಿಗೆ ಮಾರ್ಗದರ್ಶಕರಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯ. ಗಂಧದ ಮರಗಳನ್ನು ಒಣಗಿಸಿ ಕೊಲ್ಲುತ್ತಿದ್ದ ಸ್ಪೈಕ್ ರೋಗದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಜೀವರಸಾಯನ ವಿಜ್ಞಾನಿ. ಇಲ್ಲೂ ಗಂಧವೇ ಎದುರಾಗುತ್ತದೆ. ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕಮಲಾ ಮಾಡಿದ ಕೆಲಸಕ್ಕೆ 1936ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಎಂ.ಎಸ್ಸಿ. ಬಂತು. 1939ರಲ್ಲಿ ಕೇಂಬ್ರಿಜ್ ಪಿಎಚ್.ಡಿ. ಕೊಟ್ಟಿತು. ಗಿಡಗಳ ಜೀವಕೋಶಗಳಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿದ ಪ್ರಬಂಧ ಅದು. ಮದುವೆಯಾಗಿ ಕಮಲಾ ಸೋಹೋನಿ ಎಂದು ಹೆಸರಾದ ಮೇಲೆ ಮುಂಬೈಯಲ್ಲಿ ನೀರಾದ ಪೌಷ್ಟಿಕತೆಯ ಬಗ್ಗೆ ಸಂಶೋಧನೆ ನಡೆಸಿದರು, ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ನಿರ್ದೇಶಕರೂ ಆದರು.

ಇತ್ತ ಸಂಸ್ಥಾನದಲ್ಲಿ ಕೆಮಿಸ್ಟಿನ ಕುರ್ಚಿಗಳು ಒಂದೊಂದಾಗಿ ಹೆಚ್ಚುತ್ತಿದ್ದವು. ಕೋಲಾರದ ಚಿನ್ನದ ಗಣಿಯಲ್ಲಿ ಅದಿರಿನ ಪುಡಿಯಿಂದ ಸಯನೈಡ್ ದ್ರಾವಣಕ್ಕೆ ಚಿನ್ನ ಇಳಿಸುವ ವಿಧಾನ ಬಂದಾಗಿನಿಂದ ಅಸ್ಸೇ ಆಫೀಸಿನ ತಕ್ಕಡಿಗೆ ಎಲ್ಲರೂ ತಲೆಬಾಗುತ್ತಿದ್ದರು. ಒಂದು ಟನ್ ಕಲ್ಲಿನಲ್ಲಿ ಎಷ್ಟು ಗ್ರಾಂ ಚಿನ್ನ ಎಂಬ ಆ ಲೆಕ್ಕ ತಪ್ಪಿದರೆ ಮಿಕ್ಕೆಲ್ಲ ಲೆಕ್ಕವೂ ತಪ್ಪಿದಂತೆ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು. ಮೈಸೂರಿನಲ್ಲಿ ಕಲ್ಲಿದ್ದಲಿಲ್ಲ, ಮಲೆನಾಡಿನ ಸೌದೆಯೇ ಗತಿ. ಸೌದೆಯನ್ನು ಸುಮ್ಮನೆ ಸುಟ್ಟು ಇದ್ದಿಲು ಮಾಡಿದರೆ ಹೊಗೆಯಲ್ಲಿ ಹೋಗುವುದು ಬರೀ ಹೊಗೆಯಲ್ಲ ಎಂಬುದು ಕೆಮಿಸ್ಟಿಗೆ ಗೊತ್ತು. ಅದನ್ನು ತಣಿಸಿ ಮೀಥೈಲ್ ಆಲ್ಕೋಹಾಲ್, ಸುಣ್ಣದ ಅಸಿಟೇಟ್, ಟಾರು ಹಿಡಿದಿಡುವ ಘಟಕ ಕಾರ್ಖಾನೆಯ ಪಕ್ಕದಲ್ಲೇ ಎದ್ದಿತು.

ಮಂಡ್ಯದ ಸಕ್ಕರೆ ಕಾರ್ಖಾನೆ ಬಂದದ್ದು 1933ರಲ್ಲಿ. ಸಕ್ಕರೆ ಕಾರ್ಖಾನೆಯಲ್ಲಿ ಎಂಜಿನಿಯರ್ ಒಂದು ಕಡೆಯಾದರೆ ಚೀಫ್ ಕೆಮಿಸ್ಟ್ ಇನ್ನೊಂದು ಕಡೆ. ಇಬ್ಬರ ನಡುವಿನ ಮುನಿಸು ಆ ಊರುಗಳ ಹಳೆಯ ಜೋಕು. ಗಾಣದಿಂದ ಬಂದ ರಸ ಎಷ್ಟು ಬ್ರಿಕ್ಸ್, ಸುಣ್ಣ ಎಷ್ಟು ಬೀಳಬೇಕು, ಪ್ಯಾನಿನಲ್ಲಿ ಹರಳು ಕಟ್ಟಲು ಬೀಜ ಯಾವಾಗ ಹಾಕಬೇಕು ಎಂದು ಮೂರು ಷಿಫ್ಟಿನಲ್ಲೂ ಲ್ಯಾಬ್ ಕೆಮಿಸ್ಟ್ ಹೇಳುತ್ತಿರಬೇಕು. ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ಎಫ್‌ಆರ್‌ಪಿ ದರ ನಿಂತಿರುವುದು ಇವರು ಬರೆಯುವ ರಿಕವರಿ ಅಂಕಿಯ ಮೇಲೆ. ಮಂಡ್ಯದಲ್ಲಾಗಲಿ ಬೆಳಗಾವಿಯಲ್ಲಾಗಲಿ ರೈತಸಂಘದವರು ಬೀದಿಗಿಳಿದಾಗ ಕೂಗುವ ಮಾತುಗಳಲ್ಲಿ 'ಇಳುವರಿಯಲ್ಲಿ ಮೋಸ' ಎಂಬುದು ಇದ್ದೇ ಇರುತ್ತದೆ. ಕೆಮಿಸ್ಟ್ರಿಯ ಒಂದು ದಶಮಾಂಶ ಇಷ್ಟು ಜನರ ಹೊಟ್ಟೆಗೆ ತಾಗುವ ಜಾಗ ಇನ್ನೊಂದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದ ಪ್ರಯೋಗಾಲಯಗಳು ಬಂದವು. 1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಶುರುವಾಯಿತು. ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಟಾಟಾ ಇನ್‌ಸ್ಟಿಟ್ಯೂಟಿನ ಜೀವರಸಾಯನ ವಿಭಾಗದಿಂದ ಬಂದವರು. ಎಮ್ಮೆಯ ಹಾಲು ಕೊಬ್ಬಿನದು, ಎಳೆಗೂಸಿಗೆ ಒಗ್ಗುವುದಿಲ್ಲ ಎಂದು ಮಗುವಿನ ಆಹಾರಕ್ಕೆ ದೇಶ ಹೊರಗಿನ ಡಬ್ಬಿಗಳನ್ನು ನೆಚ್ಚಿದ್ದ ಕಾಲ. ಎಮ್ಮೆ ಹಾಲಿನಿಂದಲೇ ಶಿಶು ಆಹಾರ ಮಾಡುವ ವಿಧಾನವನ್ನು ಈ ಅರಮನೆಯ ಕೆಮಿಸ್ಟರು ಕಂಡುಹಿಡಿದರು. ಅಮುಲ್ ಡಬ್ಬಿಯಾಗಿ ಅದು ಮನೆಮನೆಗೆ ಹೋಯಿತು. ಮೈಸೂರಿನ ಎಷ್ಟೋ ಕುಟುಂಬಗಳಲ್ಲಿ ಬಿ.ಎಸ್ಸಿ. ಮುಗಿಸಿದ ಮಗ ಅಥವಾ ಮಗಳು 'ಸಿಎಫ್‌ಟಿಆರ್‌ಐಗೆ ಸೇರಿದರು' ಎಂಬ ಮಾತು ಸರ್ಕಾರಿ ಕೆಲಸ ಸಿಕ್ಕ ನೆಮ್ಮದಿಗೆ ಸಮನಾಗಿತ್ತು.

1951ರಲ್ಲಿ, 17ನೇ ವಯಸ್ಸಿಗೆ, ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪಡೆದು ಸೆಂಟ್ರಲ್ ಕಾಲೇಜಿನಿಂದ ಹೊರಬಿದ್ದ ಬಸವನಗುಡಿಯ ಹುಡುಗನೊಬ್ಬ ಈ ಯಾವ ಕುರ್ಚಿಗೂ ಹೋಗಲಿಲ್ಲ. ಬನಾರಸಿನಲ್ಲಿ ಎಂ.ಎಸ್ಸಿ., ಅಮೆರಿಕದ ಪರ್ಡ್ಯೂನಲ್ಲಿ 1958ರಲ್ಲಿ ಪಿಎಚ್.ಡಿ., ಮರುವರ್ಷ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಉಪನ್ಯಾಸಕ. ಅಲ್ಲಿಂದ ಐಐಟಿ ಕಾನ್ಪುರ. 1976ರಲ್ಲಿ ಮತ್ತೆ ಬೆಂಗಳೂರಿಗೆ ಬಂದು ಘನಸ್ಥಿತಿ ರಸಾಯನವಿಜ್ಞಾನಕ್ಕೆಂದೇ ವಿಭಾಗ ಕಟ್ಟಿದರು. 1984ರಿಂದ ಹತ್ತು ವರ್ಷ ಅಲ್ಲಿನ ನಿರ್ದೇಶಕರು. 2014ರಲ್ಲಿ ಭಾರತರತ್ನ. ಸಿ.ಎನ್.ಆರ್. ರಾವ್ ಅವರ ಹೆಸರನ್ನು ಕಾಲೇಜಿನ ಸ್ವಾಗತ ಭಾಷಣಗಳಲ್ಲಿ ವರ್ಷಾ ವರ್ಷ ಹೇಳುತ್ತಾರೆ, 'ನೀವೂ ಹಾಗಾಗಬಹುದು' ಎಂಬ ಧಾಟಿಯಲ್ಲಿ. ಹೇಳಲಿ. ಆದರೆ ಆ ಭಾಷಣ ಕೇಳುತ್ತ ಕುಳಿತ ಹುಡುಗ ಹುಡುಗಿಯರಲ್ಲಿ ಬಹುಪಾಲು ಜನ ಹೋಗುವ ದಾರಿ ಬೇರೆ. ಅದನ್ನು ಯಾರೂ ವೇದಿಕೆಯಿಂದ ಹೇಳುವುದಿಲ್ಲ.

ಆ ದಾರಿ ಇದು: ಪಿಸಿಎಂ ಅಥವಾ ಸಿಬಿಝಡ್ ಕಾಂಬಿನೇಷನ್‌ನಲ್ಲಿ ಬಿ.ಎಸ್ಸಿ., ಆಮೇಲೆ ಬಿ.ಎಡ್., ಆಮೇಲೆ ತಾಲ್ಲೂಕು ಊರಿನ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟರು ಅಥವಾ ಮೇಡಂ. ಎಂ.ಎಸ್ಸಿ. ಆದವರಿಗೆ ಪಿಯು ಕಾಲೇಜಿನ ಲೆಕ್ಚರರ್ ಕೆಲಸ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರಿನ ಮಾನಸಗಂಗೋತ್ರಿ, 1964ರಲ್ಲಿ ಸೆಂಟ್ರಲ್ ಕಾಲೇಜನ್ನೇ ಬೇರಾಗಿಸಿಕೊಂಡು ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ, ಆಮೇಲೆ ಮಂಗಳೂರಿನ ಕೊಣಾಜೆ, ಗುಲ್ಬರ್ಗ, ಕುವೆಂಪು ವಿಶ್ವವಿದ್ಯಾಲಯ ಎಂದು ಎಂ.ಎಸ್ಸಿ. ಸೀಟುಗಳು ಹೆಚ್ಚುತ್ತ ಹೋದವು. ಕೆಮಿಸ್ಟ್ರಿ ಕಲಿತವರನ್ನು ಅತಿ ಹೆಚ್ಚಾಗಿ ಎಳೆದುಕೊಂಡದ್ದು ಕೆಮಿಸ್ಟ್ರಿ ಕಲಿಸುವ ಉದ್ಯೋಗವೇ. ಇದನ್ನು ಸೋಲೆಂದು ನೋಡುವವರಿದ್ದಾರೆ. ಈ ಬರಹಕ್ಕೆ ಆ ಅಭಿಪ್ರಾಯವಿಲ್ಲ. ಚಳ್ಳಕೆರೆಯಲ್ಲೋ ಸಿಂದಗಿಯಲ್ಲೋ ಒಂದು ಲಿಟ್ಮಸ್ ಕಾಗದ ನೀಲಿಯಿಂದ ಕೆಂಪಾಗುವುದನ್ನು ಮೊದಲ ಸಲ ತೋರಿಸಿದವರು ಇವರೇ ತಾನೇ. ತಕರಾರು ಇರುವುದು ಬೇರೆ ಕಡೆ. 1914ರಲ್ಲಿ ಸರ್ಕಾರ ಒಂದು ಖಚಿತ ಪ್ರಶ್ನೆ ಹಿಡಿದುಕೊಂಡು ಲ್ಯಾಬಿನ ಬಾಗಿಲು ತಟ್ಟಿತ್ತು. ಆಮೇಲಿನ ದಶಕಗಳಲ್ಲಿ ಸೀಟುಗಳು ಹೆಚ್ಚಿದಷ್ಟು ಪ್ರಶ್ನೆಗಳು ಹೆಚ್ಚಲಿಲ್ಲ. ಪದವಿ ಕಾಲೇಜಿನ ಲ್ಯಾಬು ಅದೇ ಹಳೆಯ ಸಾಲ್ಟುಗಳನ್ನು ಪ್ರತಿ ವರ್ಷ ಹೊಸ ಹುಡುಗರಿಗೆ ಕೊಟ್ಟು, ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳುತ್ತ ಉಳಿಯಿತು.

ಔಷಧಿ ಉದ್ಯಮ ಬಂದ ಮೇಲೆ ಗಾಳಿ ಸ್ವಲ್ಪ ತಿರುಗಿತು. 1981ರಲ್ಲಿ ಸಾರ್ವಜನಿಕ ವಲಯದ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಶುರುವಾಯಿತು. 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿಂಜೀನ್, ಹೊರದೇಶದ ಔಷಧಿ ಕಂಪನಿಗಳಿಗಾಗಿ ಇಲ್ಲಿ ಸಂಶೋಧನೆ ಮಾಡಿಕೊಡುವ ವ್ಯವಹಾರಕ್ಕಿಳಿಯಿತು. ಜಿಗಣಿ, ನಂಜನಗೂಡು, ಬೈಕಂಪಾಡಿ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶಗಳಲ್ಲಿ ಈಗ ಎಂ.ಎಸ್ಸಿ. ಆರ್ಗ್ಯಾನಿಕ್ ಎಂದರೆ ಕೇಳುವವರಿದ್ದಾರೆ. ಕ್ಯೂಸಿ ವಿಭಾಗಕ್ಕೆ ಸೇರಿದವನು ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಕೂತು, ಮಾತ್ರೆಯ ಪ್ರತಿ ಬ್ಯಾಚಿನಲ್ಲೂ ಔಷಧ ಎಷ್ಟು, ಕಲ್ಮಷ ಎಷ್ಟು ಎಂದು ಗೆರೆಗಳ ಎತ್ತರದಿಂದ ಓದುತ್ತಾನೆ. ಓದಿದ್ದನ್ನೆಲ್ಲ ಸಮಯ ಹಾಕಿ, ಸಹಿ ಮಾಡಿ ದಾಖಲೆಗೆ ಸೇರಿಸುತ್ತಾನೆ. ಗಂಧದೆಣ್ಣೆ ಡಬ್ಬಿಗೆ ಸಹಿ ಹಾಕಿದವನ ಮೊಮ್ಮಗನ ಕೆಲಸ ಎನ್ನಬಹುದು. ಯಂತ್ರ ಬದಲಾಗಿದೆ, ಕೊಳ್ಳುವವನ ಅನುಮಾನ ಬದಲಾಗಿಲ್ಲ. ಆ ಹುಡುಗನ ಪಕ್ಕದ ಮನೆಯವನು ಅದೇ ಕೆಮಿಸ್ಟ್ರಿ ಓದಿ ಸಾಫ್ಟ್‌ವೇರ್ ಕಂಪನಿ ಸೇರಿರುತ್ತಾನೆ, ಇನ್ನೊಬ್ಬ ಬ್ಯಾಂಕ್ ಪರೀಕ್ಷೆ ಪಾಸು ಮಾಡಿರುತ್ತಾನೆ. 1907ರ ರಾಮನ್ ಹೋದ ದಾರಿ ಇನ್ನೂ ಮುಚ್ಚಿಲ್ಲ.

ಮೈಸೂರಿನ ಇನ್ನೊಂದು ಕಾರ್ಖಾನೆಯ ಮಾತು ಬಾಕಿ ಇದೆ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದು ಶುರುವಾದದ್ದು, ಕಾಡಿನ ಅರಗನ್ನು ಮೊಹರಿನ ಮೇಣ ಮತ್ತು ಬಣ್ಣ ಮಾಡುತ್ತಿತ್ತು. ಮರದ ಬದಲು ಅರಗು, ಮಿಕ್ಕ ಲೆಕ್ಕ ಗಂಧದೆಣ್ಣೆಯದೇ. ಕಳ್ಳಮತ ತಡೆಯಲು ಅಳಿಸಲಾಗದ ಶಾಯಿ ಬೇಕೆಂದು ಚುನಾವಣಾ ಆಯೋಗ ಕೇಳಿದಾಗ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರ ಈ ಕಾರ್ಖಾನೆಗೆ ಬಂತು. 1962ರ ಮಹಾಚುನಾವಣೆಯಿಂದ ಇಲ್ಲಿಯವರೆಗೆ ದೇಶದ ಮತದಾರರ ಬೆರಳಿಗೆ ಬೀಳುತ್ತಿರುವುದು ಇಲ್ಲಿನ ಶಾಯಿ. ಈಗದು 25ಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತದೆ.

ಅದರಲ್ಲಿರುವ ಮುಖ್ಯ ವಸ್ತು ಸಿಲ್ವರ್ ನೈಟ್ರೇಟ್. ಬಿ.ಎಸ್ಸಿ. ಹುಡುಗರು ಕ್ಲೋರೈಡ್ ಅಳೆಯಲು ಬ್ಯುರೆಟ್ಟಿಗೆ ತುಂಬುವ, ಕೈಗೆ ತಾಗಿದರೆ ಬಿಸಿಲಿನಲ್ಲಿ ಕಪ್ಪಾಗಿ ವಾರಗಟ್ಟಲೆ ಹೋಗದ ಲವಣ ಅದು.